ನೋಟಿನ ಗಣಪ, ಕಾಡಿನ ಮಣ್ಣು: ಇಂಡೊನೇಷ್ಯಾ ಬಗ್ಗೆ ನಾವು ನಂಬಿದ್ದು

ಗಣಪನ ಚಿತ್ರವಿರುವ ಇಂಡೊನೇಷ್ಯಾದ ನೋಟು ನಿಮ್ಮ ವಾಟ್ಸ್‌ಆ್ಯಪಿಗೂ ಬಂದಿರುತ್ತದೆ. ‘ಮುಸ್ಲಿಮರೇ ಹೆಚ್ಚಿರುವ ದೇಶ, ಹಣ ಕುಸಿದಾಗ ಗಣೇಶನ ಮೊರೆ ಹೊಕ್ಕು ಚೇತರಿಸಿಕೊಂಡಿತು’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ನೋಟು ಸುಳ್ಳಲ್ಲ, ಕಥೆ ಸುಳ್ಳು. 1998ರಲ್ಲಿ ಬಂದ ಈ 20,000 ರುಪಯಾ ನೋಟಿನ ನಾಯಕ ಶಿಕ್ಷಣತಜ್ಞ ಕಿ ಹಜರ್ ದೇವಾಂತರ. ಹಿಂಬದಿಯಲ್ಲಿರುವುದು ತರಗತಿಯ ಮಕ್ಕಳು. ಗಣೇಶ ಅಲ್ಲಿರುವುದು ವಿದ್ಯೆಯ ಸಂಕೇತವಾಗಿ. ಬಾಂಡುಂಗ್ ತಾಂತ್ರಿಕ ಸಂಸ್ಥೆಯ ಲಾಂಛನದಲ್ಲೂ ಅವನೇ ಇದ್ದಾನೆ. 2008ರ ಕೊನೆಗೆ ಆ ನೋಟನ್ನು ಹಿಂಪಡೆದರು. ಗಣಪನ ವಿಸರ್ಜನೆಯಾದ ಮೇಲೂ ಅಲ್ಲಿನ ಆರ್ಥಿಕತೆ ಬೆಳೆದಿದೆ.

ಬಾಲಿಯನ್ನು ಬೇರೆ ದೇಶವೆಂದೇ ತಿಳಿದವರಿದ್ದಾರೆ. ಅದು ಇಂಡೊನೇಷ್ಯಾದ ಒಂದು ಪ್ರಾಂತ್ಯ. 2020ರ ಗಣತಿಯಲ್ಲಿ ದೇಶದ 27 ಕೋಟಿ ಜನರಲ್ಲಿ ಬಾಲಿಯವರು ಸುಮಾರು 43 ಲಕ್ಷ. ಹಿಂದೂಗಳೇ ಹೆಚ್ಚಿರುವ ಆ ದ್ವೀಪವನ್ನು ನೋಡಿ ಬಂದು ಇಂಡೊನೇಷ್ಯಾ ಹೀಗಿದೆ ಎನ್ನುವುದು, ಕೊಡಗು ನೋಡಿ ಭಾರತವೆಲ್ಲ ಕಾಫಿತೋಟ ಎಂದ ಹಾಗೆ. ಹಾಗೆಂದು ಅದು ಇಸ್ಲಾಮಿಕ್ ರಾಷ್ಟ್ರವೂ ಅಲ್ಲ. ಅಲ್ಲಿನ ಸಂವಿಧಾನ ಯಾವ ಧರ್ಮವನ್ನೂ ರಾಷ್ಟ್ರಧರ್ಮ ಎಂದಿಲ್ಲ.

ಭಾಷೆಯ ವಿಷಯದಲ್ಲೂ ಊಹೆ ತಪ್ಪುತ್ತದೆ. ಜಾವಾದವರೇ ದೊಡ್ಡ ಸಮುದಾಯ, ಆದರೆ ರಾಷ್ಟ್ರಭಾಷೆ ಜಾವಾನೀಸ್ ಅಲ್ಲ. ಬಂದರುಗಳಲ್ಲಿ ವ್ಯಾಪಾರಕ್ಕೆ ಬಳಸುತ್ತಿದ್ದ ಮಲಯ್ ಭಾಷೆಯನ್ನು 1928ರಲ್ಲಿ ಯುವಕರು ‘ಇಂಡೊನೇಷ್ಯಾದ ಭಾಷೆ’ ಎಂದು ಒಪ್ಪಿಕೊಂಡರು. ಅದರಲ್ಲಿ ನಗರಕ್ಕೆ ‘ಕೋತ’, ಗಂಡನಿಗೆ ‘ಸುಆಮಿ’, ಹೆಂಡತಿಗೆ ‘ಇಸ್ತ್ರಿ’ ಎನ್ನುತ್ತಾರೆ. ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ, ಅದು ನಮ್ಮ ‘ಸ್ತ್ರೀ’.

ಇವೆಲ್ಲ ನಕ್ಕು ಮರೆಯಬಹುದಾದ ತಪ್ಪುಗಳು. ಒಂದು ನಂಬಿಕೆ ಮಾತ್ರ ಕಾಡನ್ನೇ ಸುಟ್ಟಿತು: ‘ಹಸಿರಿದ್ದಲ್ಲೆಲ್ಲ ಮಣ್ಣು ಫಲವತ್ತು.’ ಜಾವಾ ದ್ವೀಪ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟಿದೆ, ಜನ 15 ಕೋಟಿ. ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗವಾದ ಕಲಿಮಂತಾನ್ ಜಾವಾದ ನಾಲ್ಕು ಪಟ್ಟು ದೊಡ್ಡದು, ಜನ ಎರಡು ಕೋಟಿಯೂ ಇಲ್ಲ. ನಕಾಶೆ ನೋಡಿದವರಿಗೆ ‘ಇಲ್ಲಿನವರನ್ನು ಅಲ್ಲಿಗೆ ಕಳಿಸಿದರಾಯಿತು’ ಅನಿಸುವುದು ಸಹಜ. ಜಾವಾದವರನ್ನು ಬೇರೆ ದ್ವೀಪಗಳಿಗೆ ಸಾಗಿಸುವ ಕೆಲಸವನ್ನು ಡಚ್ಚರು 1905ರಲ್ಲೇ ಶುರುಮಾಡಿದ್ದರು.

ಆದರೆ ಜಾವಾದ ಗದ್ದೆಗಳಿಗೆ ಗೊಬ್ಬರ ಹಾಕುವುದು ಮೆರಾಪಿ, ಸೆಮೆರುವಿನಂಥ ಜ್ವಾಲಾಮುಖಿಗಳು. ಅವುಗಳ ಬೂದಿ ಮಣ್ಣಿಗೆ ಹೊಸ ಖನಿಜ ತುಂಬುತ್ತದೆ. ಕಲಿಮಂತಾನ್‌ನಲ್ಲಿ ಜೀವಂತ ಜ್ವಾಲಾಮುಖಿಗಳಿಲ್ಲ. ಸಾವಿರಾರು ವರ್ಷಗಳ ಮಳೆ ಮಣ್ಣಿನ ಸಾರವನ್ನು ತೊಳೆದುಬಿಟ್ಟಿದೆ. ಉಳಿದ ಸಾರವೆಲ್ಲ ಮರಗಳಲ್ಲಿ, ಅವುಗಳ ಬುಡದ ತರಗೆಲೆಯಲ್ಲಿ. ಮರ ಕಡಿದರೆ ಅದೂ ಹೋಯಿತು. ತಗ್ಗಿನಲ್ಲಂತೂ ನೀರು ನಿಂತು, ಎಲೆ ಕಟ್ಟಿಗೆ ಪೂರ್ತಿ ಕೊಳೆಯದೆ ಮೀಟರುಗಟ್ಟಲೆ ಆಳಕ್ಕೆ ಕೂಡಿದ ಕಪ್ಪು ಪೀಟ್ ಮಣ್ಣು. 1995ರಲ್ಲಿ ಅಧ್ಯಕ್ಷ ಸುಹಾರ್ತೊ ಮಧ್ಯ ಕಲಿಮಂತಾನ್‌ನ ಸುಮಾರು 10 ಲಕ್ಷ ಹೆಕ್ಟೇರ್ ಇಂಥ ನೆಲವನ್ನು ಭತ್ತದ ಗದ್ದೆ ಮಾಡಹೊರಟರು. ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ನೀರು ಬಸಿದುಹೋಯಿತು, ಹುಳಿ ಮಣ್ಣಿನಲ್ಲಿ ಭತ್ತ ಏಳಲಿಲ್ಲ, ಒಣಗಿದ ಪೀಟ್ ಸೌದೆಯಾಯಿತು. 1997ರ ಎಲ್ ನಿನೊ ಬರದಲ್ಲಿ ಅದು ಹೊತ್ತಿಕೊಂಡಿತು. ಇಂಡೊನೇಷ್ಯಾದ ಕಾಡಿನ ಬೆಂಕಿಗಳ ಹೊಗೆ ಆ ವರ್ಷ ಸಿಂಗಪುರ, ಮಲೇಷ್ಯಾವನ್ನು ಕವಿಯಿತು. ಸುಹಾರ್ತೊ ಕುರ್ಚಿ ಬಿಟ್ಟ ಮೇಲೆ ಯೋಜನೆಯನ್ನೂ ಕೈಬಿಟ್ಟರು.

ಇನ್ನು ‘ತೈಲ ಸಂಪತ್ತಿನ ದೇಶ’ ಎಂಬ ಹಳೆಯ ಪಾಠ. 1962ರಲ್ಲಿ ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಸೇರಿದ ಇಂಡೊನೇಷ್ಯಾ, ಮಾರುವುದಕ್ಕಿಂತ ಕೊಳ್ಳುವುದೇ ಹೆಚ್ಚಾಗಿ, 2009ರ ಹೊತ್ತಿಗೆ ಹೊರಬಂತು. ಈಗ ಅದರ ಬಲವಿರುವುದು ಕಲ್ಲಿದ್ದಲು, ನಿಕ್ಕಲ್, ತಾಳೆ ಎಣ್ಣೆಯಲ್ಲಿ. ನಿಕ್ಕಲ್ ಅದಿರನ್ನು ಹಾಗೇ ಹೊರಗೆ ಕಳಿಸುವುದನ್ನು 2020ರಿಂದ ನಿಲ್ಲಿಸಿ, ಮನೆಯಲ್ಲೇ ಕರಗಿಸುತ್ತಿದೆ. 2022ರ ಏಪ್ರಿಲ್ ಕೊನೆಯಲ್ಲಿ ಮೂರು ವಾರಗಳ ಮಟ್ಟಿಗೆ ತಾಳೆ ಎಣ್ಣೆ ರಫ್ತು ತಡೆದಾಗ ಭಾರತಕ್ಕೂ ಬಿಸಿ ಮುಟ್ಟಿತು. ಮನೆಯಲ್ಲಿರುವ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ. ಅದರಲ್ಲಿ ತಾಳೆ ಎಣ್ಣೆ ಎಂದಿದ್ದರೆ, ಅದು ಇಂಡೊನೇಷ್ಯಾ ಅಥವಾ ಮಲೇಷ್ಯಾದಿಂದ ಹಡಗೇರಿ ಬಂದಿರುವ ಸಾಧ್ಯತೆಯೇ ಹೆಚ್ಚು.