ಜ್ವರ ಬಂದಾಗ ಮನಸ್ಸೂ ಯಾಕೆ ಮುದುಡುತ್ತೆ?

ಅಕ್ಟೋಬರ್ ಮಳೆ ಹಿಡಿದು ಮಂಜು ಇಳಿಯಿತು ಅಂದ್ರೆ ಕೂಕಲ್ತೊರೈ ಕಡೆ ಮನೆಗೊಬ್ಬರಾದರೂ ಸೀನೋಕೆ ಶುರು ಮಾಡ್ತಾರೆ. ನಿಮಗೂ ಜ್ವರ ಬಂದಿರುತ್ತೆ. ಮೈಕೈ ನೋವು, ಚಳಿ, ತಲೆಭಾರ ಎಲ್ಲರಿಗೂ ಗೊತ್ತು. ಇನ್ನೊಂದನ್ನು ಗಮನಿಸಿದ್ದೀರಾ? ಜ್ವರದ ದಿನ ಯಾರ ಹತ್ತಿರವೂ ಮಾತು ಬೇಡ ಅನ್ನಿಸುತ್ತೆ. ಇಷ್ಟದ ತಿಂಡಿ ಕೊಟ್ಟರೂ ರುಚಿಸಲ್ಲ. ಹೊರಗೆ ಗೆಳೆಯರು ಆಟಕ್ಕೆ ಕರೆದರೂ ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗ್ತೀರಿ. ಸಣ್ಣ ಮಾತಿಗೂ ಅಳು ಬರುತ್ತೆ. ವೈರಸ್ ಇರೋದು ಮೂಗು, ಗಂಟಲಿನಲ್ಲಿ. ಹಾಗಾದರೆ ಮನಸ್ಸನ್ನು ಮಂಕು ಮಾಡಿದ್ದು ಯಾರು?

ನಿಮ್ಮದೇ ರೋಗನಿರೋಧಕ ವ್ಯವಸ್ಥೆ!

ವೈರಸ್ಸನ್ನು ಕಂಡ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳನ್ನು ಬಿಡುತ್ತವೆ. ಇವು ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಸುದ್ದಿ ಇದ್ದ ಹಾಗೆ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಅಂತ ಅವಕ್ಕೆ ಹೆಸರುಗಳೂ ಇವೆ. ಈ ಸುದ್ದಿ ಮಿದುಳಿಗೂ ಮುಟ್ಟುತ್ತೆ. ಒಂದು ದಾರಿ ರಕ್ತ. ಇನ್ನೊಂದು ದಾರಿ ಎದೆ, ಹೊಟ್ಟೆಯಿಂದ ಮಿದುಳಿನವರೆಗೆ ಹೋಗುವ ವೇಗಸ್ ಎಂಬ ನರ. ಸುದ್ದಿ ತಲುಪಿದ ಮೇಲೆ ಮಿದುಳು ಮೈಯ ಬಿಸಿ ಏರಿಸುತ್ತೆ, ಹಸಿವು ಕಡಿಮೆ ಮಾಡುತ್ತೆ, ನಿದ್ದೆ ತರಿಸುತ್ತೆ, ಉತ್ಸಾಹವನ್ನೂ ಇಳಿಸುತ್ತೆ.

ಕಾಯಿಲೆ ಬಿದ್ದ ಎಮ್ಮೆ ಹಿಂಡಿನಿಂದ ದೂರ ನಿಂತು ತಲೆ ತಗ್ಗಿಸಿರೋದನ್ನು ನಮ್ಮ ಬೆಟ್ಟದ ಮಕ್ಕಳು ನೋಡೇ ಇರ್ತೀರಿ. ಅದು ಸೋತು ಕೂತಿದೆ ಅಂತ ನಾವು ಅಂದ್ಕೊಳ್ತೀವಿ. ಅಮೆರಿಕದ ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ಬೇರೆಯೇ ಮಾತು ಹೇಳಿದರು: ಇದು ದೇಹದ ಲೆಕ್ಕಾಚಾರ. ಓಡಾಟಕ್ಕೆ ಹೋಗುವ ಶಕ್ತಿಯನ್ನು ಉಳಿಸಿ ಜ್ವರಕ್ಕೆ, ಅಂದರೆ ರೋಗಾಣುವಿನ ಮೇಲಿನ ಯುದ್ಧಕ್ಕೆ ಕೊಡುವುದು. ಲಸಿಕೆ ಹಾಕಿಸಿಕೊಂಡ ಮರುದಿನ ಮಗು ಕಿರಿಕಿರಿ ಮಾಡುತ್ತಾ ಮಲಗುವುದೂ ಇದೇ ಕಾರಣಕ್ಕೆ.

ಲಸಿಕೆ ಅಂದಮೇಲೆ ನಮ್ಮ ಪಕ್ಕದ ಕೂನೂರನ್ನು ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಅಲ್ಲಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಶುರುವಾಯಿತು, ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ಕೊಡೋಕೆ. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಅಂತ ನಿಮ್ಮ ಅಜ್ಜ ಅಜ್ಜಿ ಹೇಳಿರಬಹುದು, ಕೇಳಿ ನೋಡಿ. ಆ ಹಳೆಯ ಲಸಿಕೆಯನ್ನು ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ತಯಾರಿಸುತ್ತಿದ್ದರು. ಅದು ಅಸಂಖ್ಯ ಜೀವ ಉಳಿಸಿತು. ಆದರೆ ಲಸಿಕೆಯ ಜೊತೆ ಕುರಿ ಮಿದುಳಿನ ಚೂರುಗಳೂ ಮೈಗೆ ಹೋಗುತ್ತಿದ್ದವು. ಕೆಲವೇ ಕೆಲವರಲ್ಲಿ ರೋಗನಿರೋಧಕ ಕಣಗಳು ಆ ಚೂರುಗಳನ್ನು ಶತ್ರು ಅಂದುಕೊಂಡು, ಅದೇ ಥರ ಕಾಣುವ ತಮ್ಮದೇ ಮಿದುಳು, ನರಗಳ ಮೇಲೂ ಬೀಳುತ್ತಿದ್ದವು. ಈಗ ಆ ಲಸಿಕೆ ನಮ್ಮ ದೇಶದಲ್ಲಿ ಬಳಕೆಯಲ್ಲಿಲ್ಲ, ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಬಂದಿದೆ. ಮಿದುಳು ಗೋಡೆಯೊಳಗಿನ ಅರಮನೆ, ರೋಗನಿರೋಧಕ ಪಡೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಬಹಳ ಕಾಲ ಪಾಠ ಹೇಳುತ್ತಿದ್ದರಲ್ಲ, ಆ ಮಾತು ಪೂರ್ತಿ ಸರಿಯಲ್ಲ ಅನ್ನೋದಕ್ಕೆ ಇದೂ ಒಂದು ಸುಳಿವು.

ಈಗ ಜ್ವರದ ದಿನದ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಉತ್ಸಾಹ ಇಲ್ಲ, ಹಸಿವಿಲ್ಲ, ಜನ ಬೇಡ, ಸುಸ್ತು, ಯಾವುದರಲ್ಲೂ ಖುಷಿ ಇಲ್ಲ. ವೈದ್ಯರು ಖಿನ್ನತೆಗೆ ಹೇಳುವ ಲಕ್ಷಣಗಳೂ ಹೆಚ್ಚುಕಮ್ಮಿ ಇವೇ! ವ್ಯತ್ಯಾಸ ಏನಪ್ಪಾ ಅಂದ್ರೆ, ಜ್ವರದ ಮಂಕು ಮೂರು ದಿನಕ್ಕೆ ಹೋಗುತ್ತೆ. ಖಿನ್ನತೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂರುತ್ತೆ.

ಇದು ಬರೀ ಹೋಲಿಕೆಯಾ? ಅಲ್ಲ. ಹೆಪಟೈಟಿಸ್-ಸಿ ಎಂಬ ಯಕೃತ್ತಿನ ಕಾಯಿಲೆಗೆ ಹಿಂದೆ ಇಂಟರ್‌ಫೆರಾನ್ ಎಂಬ ಸೈಟೊಕೈನನ್ನೇ ಇಂಜೆಕ್ಷನ್ ಕೊಡುತ್ತಿದ್ದರು. ಮೊದಲು ಚೆನ್ನಾಗಿಯೇ ಇದ್ದವರಲ್ಲೂ ಎಷ್ಟೋ ಜನರಿಗೆ ಚಿಕಿತ್ಸೆ ನಡೆಯುವಾಗ ಖಿನ್ನತೆ ಬಂತು. ಸೈಟೊಕೈನ್ ಮನಸ್ಸನ್ನು ಬದಲಿಸಬಲ್ಲದು ಅಂತ ಇದರಿಂದ ಗಟ್ಟಿಯಾಯಿತು.

ಹಾಗಂತ ಎಲ್ಲ ಖಿನ್ನತೆಗೂ ಇದೇ ಕಾರಣ ಅನ್ನೋ ಹಾಗಿಲ್ಲ. 2013ರಲ್ಲಿ ಅಮೆರಿಕದಲ್ಲಿ, ಮಾಮೂಲಿ ಔಷಧಿಗೆ ಬಗ್ಗದ ಖಿನ್ನತೆ ಇದ್ದ 60 ಜನರ ಮೇಲೆ ಉರಿಯೂತ ತಗ್ಗಿಸುವ ಒಂದು ಔಷಧಿಯನ್ನು ಪರೀಕ್ಷಿಸಿದರು. ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದವರಿಗೆ ಅದು ನೆರವಾಗುವಂತೆ ಕಂಡಿತು. ನನಗಂತೂ ಈ ‘ಅರ್ಧ ಸೋತ’ ಪ್ರಯೋಗ ತುಂಬಾ ಇಷ್ಟ. ಖಿನ್ನತೆ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಯ ಕಾಯಿಲೆಗಳಿರಬಹುದು ಅಂತ ಅದು ತೋರಿಸಿತು.

ಸರಿ, ಜ್ವರವೇ ಇಲ್ಲದವರ ಮೈಯಲ್ಲಿ ಉರಿಯೂತ ಎಲ್ಲಿಂದ ಬಂತು? ಇಲ್ಲಿ ಒತ್ತಡದ ಕಥೆ ಬರುತ್ತೆ. ಹೆದರಿದಾಗ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಸುತ್ತೆ. ಅದರ ಕೆಲಸಗಳಲ್ಲಿ ಒಂದು, ಉರಿಯೂತಕ್ಕೆ ಲಗಾಮು ಹಾಕೋದು. ದಾರಿಯಲ್ಲಿ ಕಾಟಿ ಎದುರಾಗಿ ಓಡಿ ಬಂದಿರಿ ಅನ್ನಿ, ಅರ್ಧ ಗಂಟೆಯಲ್ಲಿ ಎದೆಬಡಿತ ಇಳಿಯುತ್ತೆ, ಕಾರ್ಟಿಸಾಲೂ ನಿಧಾನಕ್ಕೆ ಇಳಿಯುತ್ತೆ. ಆದರೆ ಹಸಿರೆಲೆಗೆ ಬೆಲೆ ಬಿದ್ದು ತಿಂಗಳುಗಟ್ಟಲೆ ಸಾಲದ ಚಿಂತೆ ಇದ್ದರೆ? ಮನೆಯಲ್ಲಿ ದಿನಾ ಜಗಳವಿದ್ದರೆ? ಒಂದೇ ಮಾತನ್ನು ದಿನವಿಡೀ ಕೇಳಿ ಕಿವಿ ಮುಚ್ಚಿಕೊಂಡ ಹುಡುಗನ ಹಾಗೆ ಬಿಳಿ ರಕ್ತಕಣಗಳು ಕಾರ್ಟಿಸಾಲ್ ಮಾತು ಕೇಳೋದನ್ನೇ ಬಿಡುತ್ತವೆ. ಲಗಾಮು ಸಡಿಲವಾಗುತ್ತೆ.

ಪರೀಕ್ಷೆಯ ಒತ್ತಡವೂ ಸಣ್ಣದಲ್ಲ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11 ಜನ ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಮೇಲ್ಭಾಗದಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಒಮ್ಮೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆ ಹತ್ತಿರ ಬಂದಾಗ. ಪರೀಕ್ಷೆಯ ಸಮಯದ ಗಾಯ ಮಾಯೋಕೆ ಶೇ. 40ರಷ್ಟು ಹೆಚ್ಚು ದಿನ ಹಿಡಿಯಿತು. (ಇದನ್ನು ತೋರಿಸಿ ಪರೀಕ್ಷೆ ಬೇಡ ಅಂತ ಮೇಷ್ಟ್ರ ಹತ್ತಿರ ವಾದ ಮಾಡ್ಬೇಡಿ.)

ಇನ್ನೊಂದು ಪ್ರಶ್ನೆ ಉಳಿಯಿತು. ಒಂದೇ ಕಷ್ಟ ಬಂದರೂ ಒಬ್ಬರು ಕುಗ್ಗುತ್ತಾರೆ, ಇನ್ನೊಬ್ಬರು ತಾಳಿಕೊಳ್ಳುತ್ತಾರೆ, ಯಾಕೆ? ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಕಾಲೇಜಿನ ಜಾರ್ಜಿಯಾ ಹೋಡ್ಸ್, ಸ್ಕಾಟ್ ರುಸ್ಸೋ ಮತ್ತು ಜೊತೆಗಾರರು 2014ರಲ್ಲಿ ಇಲಿಗಳಲ್ಲಿ ಇದನ್ನು ಹುಡುಕಿದರು. ಸಣ್ಣ ಇಲಿಯನ್ನು ದಿನಾ ಕೆಲವು ನಿಮಿಷ ದೊಡ್ಡ ಜಗಳಗಂಟ ಇಲಿಯ ಗೂಡಿಗೆ ಬಿಡೋದು. ಹೀಗೆ ಹತ್ತು ದಿನ. ಆಮೇಲೆ ಕೆಲವು ಇಲಿಗಳು ಬೇರೆ ಇಲಿ ಕಂಡರೆ ಮೂಲೆ ಸೇರಿದವು. ಇನ್ನು ಕೆಲವು ಏನೂ ಆಗದವರ ಹಾಗೆ ಮೂಸುತ್ತಾ ಓಡಾಡಿದವು. ಸ್ವಾರಸ್ಯ ಇರೋದು ಇಲ್ಲಿ: ಒತ್ತಡ ಕೊಡುವ ಮೊದಲೇ ಅವುಗಳ ರಕ್ತ ತೆಗೆದಿಟ್ಟು ಪರೀಕ್ಷೆ ಮಾಡಿದ್ದರು. ಯಾವುದರ ಬಿಳಿ ರಕ್ತಕಣಗಳು ಕೆಣಕಿದಾಗ ಹೆಚ್ಚು ಇಂಟರ್‌ಲ್ಯೂಕಿನ್-6 ಬಿಟ್ಟಿದ್ದವೋ ಅವೇ ಮುಂದೆ ಕುಗ್ಗಿದವು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಂಟರ್‌ಲ್ಯೂಕಿನ್-6 ತಯಾರಿಸಲಾಗದ ಇಲಿಗಳ ಮೂಳೆಮಜ್ಜೆಯನ್ನು ಬೇರೆ ಇಲಿಗಳಿಗೆ ಕಸಿ ಮಾಡಿದರು. ಮೂಳೆಮಜ್ಜೆಯೇ ಬಿಳಿ ರಕ್ತಕಣಗಳ ಕಾರ್ಖಾನೆ, ಒಂಬತ್ತನೇ ಕ್ಲಾಸಿನವರಿಗೆ ಗೊತ್ತು. ಕಸಿ ಪಡೆದ ಇಲಿಗಳು ಅದೇ ಜಗಳಗಂಟನ ಕಾಟ ತಾಳಿಕೊಂಡವು! ಮಿದುಳನ್ನು ಯಾರೂ ಮುಟ್ಟಿರಲಿಲ್ಲ, ರಕ್ತಕಣ ಬದಲಾಗಿತ್ತು ಅಷ್ಟೇ.

ಇಲಿ ಮನುಷ್ಯ ಅಲ್ಲ. ನಮ್ಮ ತಾಳಿಕೆಯಲ್ಲಿ ಮನೆ, ಗೆಳೆಯರು, ನಿದ್ದೆ, ಹಣ ಎಲ್ಲವೂ ಸೇರಿದೆ. ಆದರೂ ‘ಧೈರ್ಯ ಇಲ್ಲದವರು ಕುಗ್ಗುತ್ತಾರೆ’ ಎಂಬ ಹಳೇ ಮಾತನ್ನು ಈ ಇಲಿಗಳು ಅಲ್ಲಾಡಿಸಿವೆ.

ಕೆಲಸ ನಮ್ಮ ಕಡೆಯೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಿದ್ದವರ ಪೈಕಿ ಯೋಗ ಮಾಡಿದವರಲ್ಲಿ ಹೆಚ್ಚು ಜನರ ಕಾರ್ಟಿಸಾಲ್ ಇಳಿದಿತ್ತು. ಯೋಗ ಮಾಡಿದರೆ ಸಾಕು, ಡಾಕ್ಟರ್ ಬೇಡ ಅಂತ ಇದರ ಅರ್ಥ ಅಲ್ಲ.

ನಿಮ್ಮ ಪಕ್ಕದ ಬೆಂಚಿನವರು ಎರಡು ವಾರ ಆದರೂ ಮಂಕಾಗಿಯೇ ಇದ್ದಾರೆ, ಆಟಕ್ಕೆ ಬರ್ತಿಲ್ಲ, ಊಟ ಮುಟ್ತಿಲ್ಲ ಅನ್ನಿ. ಅವರನ್ನು ಸೋಮಾರಿ ಅಂತ ಕರೀಬೇಡಿ. ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ, ನಂಬಿಕೆಯ ಟೀಚರಿಗೋ ಮನೆಯವರಿಗೋ ಹೇಳಿ. ಆ ಮಂಕು ನಿಮಗೇ ಇದ್ದರೆ ನೀವೇ ಬಾಯಿಬಿಟ್ಟು ಹೇಳಿ. 2022ರ ಅಕ್ಟೋಬರ್ 10ರಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ನಡೆಯುತ್ತಿದೆ. ಫೋನಿನಲ್ಲಿ 14416 ಒತ್ತಿದರೆ ಸಾಕು. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಿಲ್ಲ.