ವಿಷದ ಪೀಪಾಯಿ ಸಾಗಿಸುವವರು ಯಾರು?



ಹಳೆಯ ತೋಟದ ಮನೆಯ ಅಟ್ಟದಲ್ಲೋ ಸೊಸೈಟಿ ಗೋದಾಮಿನ ಮೂಲೆಯಲ್ಲೋ ಅವಧಿ ಮೀರಿದ ಕೀಟನಾಶಕದ ಡಬ್ಬವೊಂದು ಸಿಗದಿರುವುದು ಅಪರೂಪ. ಗುಜರಿಯವರು ಬಂದಾಗ ಅದನ್ನೂ ತೂಗಿಸಿ ಕೊಟ್ಟುಬಿಡುವುದು ವಾಡಿಕೆ. ಅದನ್ನು ತೊಳೆದ ನೀರು ಯಾವ ತೋಡಿಗೆ ಸೇರಿತು, ಆಮೇಲೆ ಯಾರ ಮನೆಯಲ್ಲಿ ಅದರಲ್ಲಿ ಕುಡಿಯುವ ನೀರು ತುಂಬಿಸಿಟ್ಟರು ಎಂದು ನಾವು ಕೇಳುವುದಿಲ್ಲ.

ಕಾಸರಗೋಡಿನವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಅದನ್ನು ನಿಷೇಧಿಸಿತು. ಆದರೆ ಉಳಿದ ದಾಸ್ತಾನು ಅಷ್ಟಕ್ಕೇ ಮಾಯವಾಗಲಿಲ್ಲ. ಪೆರಿಯ ಮೊದಲಾದೆಡೆಯ ಗೋದಾಮುಗಳಲ್ಲಿ ತುಕ್ಕು ಹಿಡಿದ ಪೀಪಾಯಿಗಳಿಂದ ಅದನ್ನು 2012ರಲ್ಲಿ ಹೊಸ ಪೀಪಾಯಿಗಳಿಗೆ ತುಂಬಿಸಬೇಕಾಯಿತು. ವಿಷವನ್ನು ತರಿಸುವುದು ಸುಲಭ, ಹೊರಗೆ ಸಾಗಿಸುವುದು ಕಷ್ಟ.

ಈಗ ಇಂಥ ಸಾಗಾಟಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ. ವಿಷ ಹಿಡಿದ ಖಾಲಿ ಪೀಪಾಯಿಗಳು, ವರ್ಕ್‌ಶಾಪಿನಲ್ಲಿ ಬಸಿದ ಹಳೆಯ ಇಂಜಿನ್ ಎಣ್ಣೆ ಕೂಡ ಅದರ ಪಟ್ಟಿಯಲ್ಲಿವೆ. ಸೊಸೈಟಿ, ಎಸ್ಟೇಟ್, ವರ್ಕ್‌ಶಾಪ್ ನಡೆಸುವವರು ಲಾರಿ ಗೊತ್ತುಮಾಡುವಾಗ ಬಾಡಿಗೆಯನ್ನು ಕೊನೆಗೆ ಕೇಳಿ. ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಪತ್ರ ತೋರಿಸಲು ಹೇಳಿ. ನಿಮ್ಮಲ್ಲಿರುವ ತ್ಯಾಜ್ಯದ ಹೆಸರು ಅದರಲ್ಲಿದೆಯೇ, ಅವಧಿ ಮುಗಿದಿಲ್ಲವೇ ಎಂದು ನೀವೇ ಓದಿ ನೋಡಬೇಕು. "ಅದೆಲ್ಲ ಆಫೀಸಿನಲ್ಲಿದೆ, ಮತ್ತೆ ಕಳುಹಿಸುತ್ತೇವೆ" ಎನ್ನುವವರನ್ನು ಹಾಗೆಯೇ ಹಿಂದೆ ಕಳುಹಿಸುವುದು ಲೇಸು.

ಚಾಲಕನ ವಿಷಯವೂ ಮುಖ್ಯ. ಅಪಾಯಕಾರಿ ಸರಕಿನ ಲಾರಿ ಓಡಿಸುವವನು ಪ್ರತ್ಯೇಕ ತರಬೇತಿ ಪಡೆದಿರಬೇಕು. ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ತಿಳಿದಿರಬೇಕು ಎಂದು 1989ರ ಮೋಟಾರು ವಾಹನ ನಿಯಮ ಹೇಳುತ್ತದೆ. ಕಾರಣವಿದೆ. ಘಟ್ಟದ ತಿರುವಿನಲ್ಲಿ ಲಾರಿ ಮಗುಚಿದರೆ, ಒಳಗಿರುವುದೇನು, ಮೈಗೆ ತಾಗಿದರೆ ಏನು ಮಾಡಬೇಕು, ಬೆಂಕಿಗೆ ಏನು ಹಾಕಬೇಕು ಎಂಬುದನ್ನು ತಿಳಿಸುವ ತುರ್ತು ಮಾಹಿತಿಯ ಚೀಟಿ ಅವನ ಕೈಯಲ್ಲಿರುತ್ತದೆ. ಅದನ್ನು ಬರೆದು ಕೊಡಬೇಕಾದವರು ಸರಕು ಕಳುಹಿಸುವ ನೀವು. ಪೀಪಾಯಿಗೆ ಗುರುತುಚೀಟಿ ಅಂಟಿಸುವ ಕೆಲಸವೂ ನಿಮ್ಮದೇ.

ಜತೆಗೆ ಏಳು ಪ್ರತಿಗಳ ಸಾಗಾಟಪತ್ರವಿದೆ. ಬಿಳಿಯದು ಮಂಡಳಿಗೆ. ಚಾಲಕನ ರುಜು ಹಾಕಿಸಿಕೊಂಡು ಹಳದಿ ಪ್ರತಿಯನ್ನು ನೀವಿಟ್ಟುಕೊಳ್ಳಬೇಕು. ಸರಕು ತಲುಪಿದ ಮೇಲೆ ಪಡೆದವರು ರುಜು ಮಾಡಿ ನೀಲಿ ಪ್ರತಿಯನ್ನು ನಿಮಗೆ ಕಳುಹಿಸಬೇಕು. ಹೊರರಾಜ್ಯದಲ್ಲಿ ವಿಲೇವಾರಿ ಮಾಡಿಸುವುದಾದರೆ ಎರಡೂ ರಾಜ್ಯಗಳ ಮಂಡಳಿಗಳ ನಿರಾಕ್ಷೇಪಣಾ ಪತ್ರ ಬೇಕು. ತಲಪಾಡಿ ದಾಟಿದರೆ ಮಂಗಳೂರು ಎಂದು ಓಡಾಡುವ ನಮಗೆ ಇದು ವಿಚಿತ್ರವೆನಿಸಬಹುದು, ಆದರೆ ವಿಷದ ಪೀಪಾಯಿಗೆ ಗಡಿ ಗಡಿಯೇ.

ಮನೆಯಲ್ಲಿ ಒಂದೆರಡು ಬಾಟಲಿ ಮಾತ್ರ ಇದ್ದವರು ಲಾರಿ ಹುಡುಕಬೇಕಾಗಿಲ್ಲ. ಮುಚ್ಚಳ ಬಿಗಿದು, ಲೇಬಲ್ ಕೀಳದೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ಕೃಷಿಭವನದಲ್ಲಿ ವಿಚಾರಿಸಿ. ಸುಡಬೇಡಿ, ಬಾವಿ, ಸುರಂಗದ ಹತ್ತಿರ ಹೂಳಬೇಡಿ. ಲಾರಿಯಲ್ಲಿ ಕಳುಹಿಸಿದವರು ಆ ನೀಲಿ ಪ್ರತಿ ಬರುವವರೆಗೆ ಬಾಡಿಗೆಯ ಒಂದು ಪಾಲನ್ನು ತಡೆದಿಡುವುದು ಒಳ್ಳೆಯದು. ಪ್ರತಿ ಬಾರದಿದ್ದರೆ ಮಂಡಳಿಯ ಜಿಲ್ಲಾ ಕಚೇರಿಗೆ ಬರವಣಿಗೆಯಲ್ಲೇ ತಿಳಿಸಿ.