ನಿಮ್ಮ ಇ-ಮೇಲ್ ವಿಳಾಸ ಯಾರ ಕಣ್ಣಿಗೆ ಬಿದ್ದೀತು?

ಬನಹಟ್ಟಿಯಲ್ಲಿ ನಮ್ಮ ವೈನಿಯ ಮನೆಗೆ ಹೋದರೆ ಮೊದಲು ಕೇಳಿಸುವುದು ಮಗ್ಗದ ಸದ್ದು, ಆಮೇಲೆ ‘ಬರ್ರಿ, ಕೂಡ್ರಿ’ ಎಂಬ ಮಾತು. ಎರಡು ವರ್ಷದ ಹಿಂದೆ ಅಣ್ಣನ ಮಗ ಮನೆಯ ಸೀರೆಗಳ ಫೋಟೋ ಹಾಕಿ ಒಂದು ವೆಬ್‌ಸೈಟು ಮಾಡಿಕೊಟ್ಟ. ಕೆಳಗೆ ದಪ್ಪ ಅಕ್ಷರದಲ್ಲಿ ವೈನಿಯ ಇ-ಮೇಲ್ ವಿಳಾಸ. “ಗಿರಾಕಿಗೆ ಕಾಣಬೇಕಲ್ಲ ಅತ್ತೀ!” ಎಂದ. ಖರೆ, ಕಾಣಬೇಕು. ಆದರೆ ಕಂಡದ್ದು ಗಿರಾಕಿಗಳಿಗಷ್ಟೇ ಅಲ್ಲ.

ಕೆಲವೇ ತಿಂಗಳಲ್ಲಿ ದಿನಕ್ಕೆ 60-70 ಪತ್ರ ಬರತೊಡಗಿದವು. ಲಾಟರಿ ಹೊಡೆದಿದೆ, ಸಾಲ ಕೊಡುತ್ತೇವೆ, ತೂಕ ಇಳಿಸುತ್ತೇವೆ! ಅಡಿಗೆ ಮುಗಿಸಿ ರಾತ್ರಿ ಕೂತು ಅಳಿಸುವುದೇ ವೈನಿಗೆ ಉದ್ಯೋಗವಾಯಿತು. ಒಂದು ರಾತ್ರಿ ಆ ಕಸದ ಜೊತೆ ಪುಣೆಯ ಗಿರಾಕಿಯೊಬ್ಬರ ಪತ್ರವೂ ಹೋಯಿತು. ಮದುವೆಗೆ 12 ಸೀರೆ ಬೇಕೆಂದು ಬರೆದಿದ್ದರಂತೆ. ತಿಂಗಳ ನಂತರ ಅವರೇ ಫೋನ್ ಮಾಡಿ, “ಉತ್ತರಾನೇ ಕೊಡಲಿಲ್ಲಲ್ರಿ” ಎಂದರು. ಅಷ್ಟರಲ್ಲಿ ಮದುವೆ ಮುಗಿದಿತ್ತು. 12 ಸೀರೆ ಎಂದರೆ ಸಣ್ಣ ಮಾತೇನ್ರಿ?

ಈ ಕಸ ಕಳಿಸುವವರಿಗೆ ಬನಹಟ್ಟಿಯ ವಿಳಾಸ ಕೊಟ್ಟವರಾರು ಎಂದು ನೀವು ಕೇಳಬಹುದು. ಯಾರೂ ಕೊಡಬೇಕಾಗಿಲ್ಲ. 1978ರ ಮೇ 3ರಂದು ಅಮೆರಿಕದ ಗ್ಯಾರಿ ಥರ್ಕ್ ಎಂಬವರು ಕಂಪ್ಯೂಟರ್ ಮಾರಲು ಸುಮಾರು 400 ಜನರಿಗೆ ಒಂದೇ ಪತ್ರ ಕಳಿಸಿದರು. ಆಗ ಅಚ್ಚಾದ ಪುಸ್ತಕ ನೋಡಿ ವಿಳಾಸಗಳನ್ನು ಟೈಪ್ ಮಾಡಬೇಕಾಗಿತ್ತು. ಈಗ ಆ ಶ್ರಮವಿಲ್ಲ. ವಿಳಾಸ ಹೆಕ್ಕುವ ಪ್ರೋಗ್ರಾಮುಗಳು ಹಗಲಿರುಳು ವೆಬ್‌ಸೈಟುಗಳನ್ನು ಸುತ್ತುತ್ತವೆ. ಅವು ಸೀರೆ ನೋಡುವುದಿಲ್ಲ, ಬೆಲೆ ಕೇಳುವುದಿಲ್ಲ. ನಾವು ‘ಅಟ್ ದಿ ರೇಟ್’ ಎನ್ನುವ ಗುರುತನ್ನು ಹುಡುಕಿ, ಅದರ ಹಿಂದು ಮುಂದಿನ ಅಕ್ಷರಗಳನ್ನು ಎತ್ತಿಕೊಂಡು ಹೋಗುತ್ತವೆ. ಆಮೇಲೆ ಆ ಪಟ್ಟಿಗಳ ಮಾರಾಟ!

ಸರ್ಕಾರದ ಜಿಲ್ಲಾ ವೆಬ್‌ಸೈಟುಗಳಲ್ಲಿ ಅಧಿಕಾರಿಗಳ ವಿಳಾಸ ನೋಡಿದ್ದೀರಾ? ಆ ಗುರುತಿನ ಬದಲು ಕಂಸದಲ್ಲಿ ‘ಅಟ್’, ಚುಕ್ಕೆಯ ಬದಲು ‘ಡಾಟ್’ ಎಂದು ಬರೆದಿರುತ್ತಾರೆ. ತಪ್ಪಿ ಬರೆದದ್ದಲ್ಲ, ಈ ಹೆಕ್ಕುವವರಿಗಾಗಿಯೇ. 2003ರಲ್ಲಿ ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಆ್ಯಂಡ್ ಟೆಕ್ನಾಲಜಿ ಸಂಸ್ಥೆ ಪರೀಕ್ಷೆ ಮಾಡಿದಾಗ, ವೆಬ್‌ಸೈಟಿನಲ್ಲಿ ಬಿಚ್ಚಿಟ್ಟ ವಿಳಾಸಗಳಿಗೇ ಹೆಚ್ಚಿನ ಕಸ ಬಂತು. ಹೀಗೆ ಮರೆಮಾಡಿದವಕ್ಕೆ ಒಂದೂ ಬರಲಿಲ್ಲ. ಈಗಿನ ಪ್ರೋಗ್ರಾಮುಗಳು ಜಾಣವಾಗಿವೆ, ‘ಅಟ್’ ಕಂಡರೂ ಗುರುತು ಹಿಡಿಯಬಲ್ಲವು. ಆದರೂ ಏನೂ ಮಾಡದೆ ಬಿಡುವುದಕ್ಕಿಂತ ಇದು ಮೇಲು.

ನಮ್ಮ ಹುಡುಗ ಇಲ್ಲೇ ಎಡವಿದ. ಕಾಣುವ ಅಕ್ಷರಗಳನ್ನು ಬದಲಿಸಿದ, ಒತ್ತಿದರೆ ಪತ್ರ ತೆರೆಯುವ ಕೊಂಡಿಯನ್ನು ಹಾಗೇ ಬಿಟ್ಟ. ಕೊಂಡಿಯ ಒಳಗೆ ಪೂರಾ ವಿಳಾಸ ಇದ್ದೇ ಇರುತ್ತದೆ. ನಮ್ಮ ಕಣ್ಣಿಗೆ ಕಾಣದಿದ್ದರೇನು, ಪ್ರೋಗ್ರಾಮು ಓದುವುದು ಆ ಒಳಗಿನ ಬರಹವನ್ನೇ! ನಿಮಗೆ ವೆಬ್‌ಸೈಟು ಮಾಡಿಕೊಟ್ಟವರನ್ನು ಇದೊಂದನ್ನು ತಪ್ಪದೆ ಕೇಳಿರಿ. ವಿಳಾಸವನ್ನು ಚಿತ್ರವಾಗಿ ಹಾಕುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಧನಕ್ಕೆ ಆ ಚಿತ್ರದಲ್ಲಿ ಏನೂ ಸಿಗುವುದಿಲ್ಲ.

ಎಲ್ಲಕ್ಕಿಂತ ಅನುಕೂಲವೆಂದರೆ ಒಂದು ಫಾರಂ. ಗಿರಾಕಿ ತಮ್ಮ ಹೆಸರು, ಫೋನ್ ನಂಬರು, ಬೇಕಾದ ಸೀರೆ ಬರೆದು ಒತ್ತಿದರೆ ನಿಮಗೆ ತಲುಪುತ್ತದೆ, ನಿಮ್ಮ ವಿಳಾಸ ಪುಟದಲ್ಲಿ ಎಲ್ಲೂ ಇರುವುದಿಲ್ಲ. ಫಾರಂಗೂ ಪ್ರೋಗ್ರಾಮುಗಳು ಕಸ ಸುರಿಯುತ್ತವೆ, ಅದಕ್ಕೆ ‘3 ಮತ್ತು 4 ಕೂಡಿದರೆಷ್ಟು’ ಎಂಬಂಥ ಸಣ್ಣ ಪ್ರಶ್ನೆ ಇಡಬಹುದು. ಅಂಗಡಿಗೆಂದೇ ಬೇರೆ ವಿಳಾಸ ಮಾಡಿಕೊಳ್ಳಿರಿ. ಬ್ಯಾಂಕಿಗೆ ಕೊಟ್ಟದ್ದನ್ನು ವೆಬ್‌ಸೈಟಿಗೆ ಹಾಕಬೇಡಿರಿ. ಅಪರಿಚಿತ ಪತ್ರದಲ್ಲಿ ‘ಇನ್ನು ಕಳಿಸಬೇಡಿ ಎನ್ನಲು ಇಲ್ಲಿ ಒತ್ತಿ’ ಎಂದಿದ್ದರೂ ಒತ್ತಬೇಡಿರಿ. ಒತ್ತಿದರೆ ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ತಿಳಿಸಿಕೊಟ್ಟಂತೆ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿರಿ.

ಒಮ್ಮೆ ಪಟ್ಟಿಗೆ ಸೇರಿದ ವಿಳಾಸವನ್ನು ಹಿಂದೆ ತರಲಾಗದು. ವೈನಿ ಈಗ ಫಾರಂ ಇಟ್ಟು ಹೊಸ ವಿಳಾಸ ಮಾಡಿಕೊಂಡಿದ್ದಾರೆ. ದಿನಕ್ಕೆ ಎರಡು ಮೂರು ಪತ್ರ, ಎಲ್ಲವೂ ಸೀರೆಯವೇ. ಹಳೆಯದನ್ನು ಮಾತ್ರ ಮುಚ್ಚಿಲ್ಲ. ವಾರಕ್ಕೊಮ್ಮೆ ತೆರೆದು, ಆ ಕಸದೊಳಗೆ ಯಾರಾದರೂ ಗಿರಾಕಿಯ ಹೆಸರು ಕಂಡೀತೇ ಎಂದು ಹುಡುಕುತ್ತಾರೆ.